ಬಂಡವಾಳದ ಕರಾರು: ನಮ್ಮ ವಕೀಲರು ಯಾರು?

ನಮ್ಮ ಮನೆಗಳಲ್ಲಿ ವಕೀಲರ ಹೆಸರು ಕೇಳಿಬರುತ್ತಿದ್ದುದು ಸಾಮಾನ್ಯವಾಗಿ ಮನಸ್ಸುಗಳು ಒಡೆದ ಮೇಲೆ. ಹೊಲದ ಬದು ಸರಿದಾಗ, ಅಣ್ಣತಮ್ಮಂದಿರು ಬೇರೆಯಾದಾಗ, ಸಾಲ ಕೊಟ್ಟವರು ನೋಟೀಸು ಕಳುಹಿಸಿದಾಗ ಹಿರಿಯರು ಕಾಗದಪತ್ರಗಳ ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡು ತಾಲ್ಲೂಕು ಕೇಂದ್ರದ ಬಸ್ಸು ಹಿಡಿಯುತ್ತಿದ್ದರು. ಇಂದು ಇನ್ನೊಂದು ಬಗೆಯ ವಕೀಲಿಕೆ ನಮ್ಮ ಹೊಸ್ತಿಲಿಗೆ ಬಂದು ನಿಂತಿದೆ. ಇದು ಜಗಳದ ಮರುದಿನ ಬರುವಂಥದಲ್ಲ, ಸ್ನೇಹದ ಮೊದಲ ದಿನವೇ ಬರುವಂಥದು. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ನಮ್ಮ ಮಕ್ಕಳು ಹೊಸ ಉದ್ಯಮವೊಂದನ್ನು ಕಟ್ಟಿ, ಅದಕ್ಕೆ ಹೊರಗಿನವರಿಂದ ಬಂಡವಾಳ ದೊರೆಯುತ್ತದೆ ಎಂಬ ಸಂತೋಷದ ಸುದ್ದಿಯನ್ನು ತರುತ್ತಾರೆ. ಆ ಸುದ್ದಿಯ ಹಿಂದೆಯೇ ನೂರು ಪುಟಗಳಿಗೂ ಮೀರಿದ ಕರಾರುಪತ್ರವೊಂದು ಬರುತ್ತದೆ. ಸಂತೋಷವನ್ನು ಮನೆಯವರೆಲ್ಲ ಹಂಚಿಕೊಳ್ಳುತ್ತಾರೆ. ಕರಾರುಪತ್ರವನ್ನು ಮಾತ್ರ ಯಾರೂ ಓದುವುದಿಲ್ಲ. ಈ ವಿಷಯವಾಗಿ ನಾನು ಕಂಡು ಕೇಳಿ ತಿಳಿದುಕೊಂಡ ಕೆಲವು ಸಂಗತಿಗಳನ್ನು ಓದುಗರ ಮುಂದಿಡುವುದು ಈ ಬರಹದ ಉದ್ದೇಶ.

ವೆಂಚರ್ ಕ್ಯಾಪಿಟಲ್ ಎಂಬುದನ್ನು ಕನ್ನಡದಲ್ಲಿ ಸಾಹಸ ಬಂಡವಾಳ ಎಂದು ಕರೆಯುವುದುಂಟು. ಬ್ಯಾಂಕಿನ ಸಾಲಕ್ಕೂ ಇದಕ್ಕೂ ಮೂಲದಲ್ಲಿಯೇ ಭೇದವಿದೆ. ಬ್ಯಾಂಕು ಆಸ್ತಿಯನ್ನು ಅಡವಿಟ್ಟುಕೊಂಡು ಸಾಲ ಕೊಡುತ್ತದೆ, ಬಡ್ಡಿಯನ್ನೂ ಕಂತನ್ನೂ ಕೇಳುತ್ತದೆ. ಉದ್ಯಮ ಹತ್ತು ಪಟ್ಟು ಬೆಳೆದರೂ ಅದಕ್ಕೆ ಬಡ್ಡಿಗಿಂತ ಹೆಚ್ಚು ಬೇಡ. ಸಾಹಸ ಬಂಡವಾಳವನ್ನು ಹೂಡುವವನು ಅಡಮಾನವನ್ನು ಕೇಳುವುದಿಲ್ಲ, ಕಂತನ್ನೂ ಕೇಳುವುದಿಲ್ಲ. ಅವನು ಕಂಪನಿಯ ಒಡೆತನದಲ್ಲಿಯೇ ಪಾಲುಗಾರನಾಗುತ್ತಾನೆ. ತಾನು ಹಣ ಹೂಡಿದ ಹಲವು ಉದ್ಯಮಗಳು ಮುಳುಗಿಹೋಗುತ್ತವೆ ಎಂಬುದು ಅವನಿಗೆ ಮೊದಲೇ ಗೊತ್ತು. ಗೆಲ್ಲುವ ಒಂದೆರಡು ಉದ್ಯಮಗಳು ಉಳಿದೆಲ್ಲ ನಷ್ಟವನ್ನು ತುಂಬಿಕೊಡಬೇಕು ಎಂಬುದೇ ಅವನ ಲೆಕ್ಕಾಚಾರ. ಅಡಮಾನವಿಲ್ಲದ ಕಾರಣ ಅವನಿಗಿರುವ ರಕ್ಷಣೆ ಒಂದೇ: ಕರಾರಿನ ಮಾತುಗಳು. ಆ ಮಾತುಗಳನ್ನು ಹೆಣೆಯುವವರು ವಕೀಲರು. ಆದುದರಿಂದ ಈ ವ್ಯವಹಾರದಲ್ಲಿ ವಕೀಲರು ಕೇವಲ ಸಾಕ್ಷಿಗಳಲ್ಲ. ಅವರು ಬರೆದ ವಾಕ್ಯವೇ ಹೊಲದ ಬೇಲಿಯೂ ಹೌದು, ತಿಜೋರಿಯ ಬೀಗವೂ ಹೌದು.

ಈ ಪದ್ಧತಿ ನಮ್ಮ ನಾಡಿನಲ್ಲಿ ಹುಟ್ಟಿದುದಲ್ಲ. ಅಮೆರಿಕದ ಬೋಸ್ಟನ್ ನಗರದಲ್ಲಿ 1946ರಲ್ಲಿ ಸ್ಥಾಪಿತವಾದ ಅಮೆರಿಕನ್ ರಿಸರ್ಚ್ ಅಂಡ್ ಡೆವಲಪ್‌ಮೆಂಟ್ ಕಾರ್ಪೊರೇಷನ್ ಎಂಬ ಸಂಸ್ಥೆಯನ್ನು ಇದರ ಆದಿ ಎಂದು ಹೇಳುವುದುಂಟು. ಹಾರ್ವರ್ಡ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಜಾರ್ಜ್ ಡೋರಿಯೊ ಅದರ ಮುಂದಾಳು. ಆ ಸಂಸ್ಥೆ 1957ರಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಎಂಬ ಗಣಕಯಂತ್ರದ ಕಂಪನಿಯಲ್ಲಿ 70,000 ಡಾಲರ್ ತೊಡಗಿಸಿ ಅಪಾರ ಲಾಭ ಗಳಿಸಿತು. ಮುಂದೆ ಈ ವ್ಯವಹಾರ ಕ್ಯಾಲಿಫೋರ್ನಿಯಾಕ್ಕೆ ಸರಿಯಿತು. ಅದರೊಡನೆ ಒಂದು ಹೊಸ ಬಗೆಯ ವಕೀಲಿ ಸಂಸ್ಥೆಯೂ ಬೆಳೆಯಿತು. ಪಾಲೊ ಆಲ್ಟೊ ಊರಿನಲ್ಲಿ 1961ರಲ್ಲಿ ಆರಂಭವಾಗಿ, ಕಾಲಾಂತರದಲ್ಲಿ ವಿಲ್ಸನ್ ಸಾನ್ಸಿನಿ ಗುಡ್‌ರಿಚ್ ಅಂಡ್ ರೊಸಾಟಿ ಎಂಬ ಹೆಸರು ಪಡೆದ ಸಂಸ್ಥೆ ಇದಕ್ಕೆ ಪ್ರಸಿದ್ಧ ನಿದರ್ಶನ. 1980ರಲ್ಲಿ ಆಪಲ್ ಕಂಪನಿಯೂ 2004ರಲ್ಲಿ ಗೂಗಲ್ ಕಂಪನಿಯೂ ಸಾರ್ವಜನಿಕರಿಗೆ ಷೇರು ನೀಡಿದಾಗ ಆ ಕಂಪನಿಗಳ ಪರವಾಗಿ ನಿಂತದ್ದು ಇದೇ ವಕೀಲಿ ಸಂಸ್ಥೆ. ನ್ಯಾಯಾಲಯದ ಮೆಟ್ಟಿಲನ್ನೇ ಹತ್ತದೆ, ಕರಾರು ಬರೆಯುವುದನ್ನೇ ಜೀವನದ ಉದ್ಯೋಗವಾಗಿ ಮಾಡಿಕೊಂಡ ವಕೀಲರ ವರ್ಗವೊಂದು ಹೀಗೆ ರೂಪುಗೊಂಡಿತು.

ನಮ್ಮಲ್ಲಿ 1988ರಲ್ಲಿ ಐಸಿಐಸಿಐ ಮತ್ತು ಯುನಿಟ್ ಟ್ರಸ್ಟ್ ಸಂಸ್ಥೆಗಳು ಕೂಡಿ ಬೆಂಗಳೂರಿನಲ್ಲಿ ಟಿಡಿಐಸಿಐ ಎಂಬ ಸಂಸ್ಥೆಯನ್ನು ತೆರೆದವು. ತಾಂತ್ರಿಕ ಉದ್ಯಮಗಳಿಗೆ ಬಂಡವಾಳ ಒದಗಿಸುವುದು ಅದರ ಕೆಲಸವಾಗಿತ್ತು. 1996ರಲ್ಲಿ ಸೆಬಿ ಈ ನಿಧಿಗಳಿಗೆಂದೇ ನಿಯಮಗಳನ್ನು ರೂಪಿಸಿತು. 2012ರಲ್ಲಿ ಪರ್ಯಾಯ ಹೂಡಿಕೆ ನಿಧಿಗಳ ನಿಯಮಗಳು ಅವುಗಳ ಸ್ಥಾನಕ್ಕೆ ಬಂದವು. ಬೆಂಗಳೂರಿನಲ್ಲಿ 2007ರಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್ ಹಲವು ಸುತ್ತಿನ ಹೂಡಿಕೆಗಳನ್ನು ಕಂಡು, 2018ರಲ್ಲಿ ಅದರ ಶೇಕಡಾ 77ರಷ್ಟು ಪಾಲನ್ನು ಅಮೆರಿಕದ ವಾಲ್‌ಮಾರ್ಟ್ ಸುಮಾರು 1,600 ಕೋಟಿ ಡಾಲರ್‌ಗೆ ಕೊಂಡಾಗ, ಈ ಬಂಡವಾಳದ ಮಾತು ಹಳ್ಳಿಯ ಕಟ್ಟೆಯವರೆಗೂ ತಲುಪಿತು. ಅಲ್ಲಿ ಗಳಿಕೆಯ ಅಂಕಿಯನ್ನು ಎಲ್ಲರೂ ಆಡಿಕೊಂಡರು. ಅಂಥ ಪ್ರತಿಯೊಂದು ಸುತ್ತಿನ ಹಿಂದೆಯೂ ಎಷ್ಟು ಕಾಗದ, ಎಷ್ಟು ಸಹಿ, ಎಷ್ಟು ಚರ್ಚೆ ಇರುತ್ತದೆ ಎಂಬುದನ್ನು ಕೇಳಿದವರು ಕಡಿಮೆ.

ಆ ಕ್ರಮವನ್ನು ಸಂಕ್ಷೇಪವಾಗಿ ಹೇಳುವೆನು. ಮೊದಲು ಟರ್ಮ್ ಶೀಟ್ ಎಂಬ ಚಿಕ್ಕ ಪತ್ರ ಬರುತ್ತದೆ. ಮದುವೆಯ ಮಾತುಕತೆಯ ಪಟ್ಟಿಯಂತೆ ಅದು. ಅದರ ಬಹುಭಾಗ ಕಾನೂನಿನಿಂದ ಬಂಧಿಸುವುದಿಲ್ಲ. ಆದರೆ ವಿಷಯವನ್ನು ಗುಟ್ಟಾಗಿಡಬೇಕು, ಇಂತಿಷ್ಟು ದಿನ ಬೇರೆಯವರೊಡನೆ ಮಾತನಾಡಬಾರದು ಎಂಬಂಥ ಕೆಲವು ಮಾತುಗಳು ಬಂಧಿಸುತ್ತವೆ. ಅನಂತರ ಹೂಡಿಕೆದಾರನ ವಕೀಲರು ಕಂಪನಿಯ ದಾಖಲೆಗಳನ್ನೆಲ್ಲ ತೆಗೆದು ನೋಡುತ್ತಾರೆ. ಷೇರುಗಳ ರಿಜಿಸ್ಟರ್ ಸರಿಯಿದೆಯೇ, ತೆರಿಗೆ ಕಟ್ಟಲಾಗಿದೆಯೇ, ದಾವೆಗಳಿವೆಯೇ, ಆವಿಷ್ಕಾರದ ಹಕ್ಕು ಹುಡುಗರ ಹೆಸರಿನಲ್ಲಿದೆಯೋ ಕಂಪನಿಯ ಹೆಸರಿನಲ್ಲಿದೆಯೋ ಎಂದು ವಿಚಾರಿಸುತ್ತಾರೆ. ಆಮೇಲೆ ಷೇರು ಖರೀದಿಯ ಕರಾರು, ಷೇರುದಾರರ ಕರಾರು ಎಂಬ ಎರಡು ದೊಡ್ಡ ಪತ್ರಗಳು ಸಿದ್ಧವಾಗುತ್ತವೆ. 2013ರ ಕಂಪನಿ ಕಾಯಿದೆಯ 42ನೆಯ ಕಲಮಿನಂತೆ, ಖಾಸಗಿಯಾಗಿ ಷೇರು ನೀಡಿ ಪಡೆದ ಹಣವನ್ನು ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿಡಬೇಕು. ಹಣ ಬಂದ 60 ದಿನಗಳೊಳಗೆ ಷೇರು ಹಂಚಬೇಕು. ಹಂಚಿಕೆಯ ವರದಿಯನ್ನು 15 ದಿನಗಳೊಳಗೆ ರಿಜಿಸ್ಟ್ರಾರರಿಗೆ ಸಲ್ಲಿಸಬೇಕು. ಆ ವರದಿ ಸಲ್ಲುವವರೆಗೆ ಹಣವನ್ನು ಮುಟ್ಟುವಂತಿಲ್ಲ. ಇವೆಲ್ಲವೂ ತಪ್ಪದಂತೆ ನೋಡಿಕೊಳ್ಳುವುದು ವಕೀಲರ ಮತ್ತು ಕಂಪನಿ ಕಾರ್ಯದರ್ಶಿಗಳ ಹೊಣೆ.

ಕರಾರಿನ ಮಾತುಗಳು ಹಣವಾಗಿ ಮಾರ್ಪಡುವ ಬಗೆಗೆ ಒಂದು ಉದಾಹರಣೆ ಸಾಕು. ಹೂಡಿಕೆದಾರನೊಬ್ಬ 5 ಕೋಟಿ ರೂಪಾಯಿ ಕೊಟ್ಟು ಶೇಕಡಾ 20ರಷ್ಟು ಪಾಲು ಪಡೆದನೆನ್ನೋಣ. ಅವನು ಪಡೆಯುವುದು ಬಹುಮಟ್ಟಿಗೆ ಸಾಮಾನ್ಯ ಷೇರನ್ನಲ್ಲ, ಮುಂದೆ ಸಾಮಾನ್ಯ ಷೇರಾಗಿ ಪರಿವರ್ತನೆಯಾಗಲೇಬೇಕಾದ ಆದ್ಯತಾ ಷೇರನ್ನು. ಕಂಪನಿ ಮಾರಾಟವಾದರೆ ಮೊದಲು ತನ್ನ 5 ಕೋಟಿ ತನಗೆ ಬರಬೇಕು, ಇಲ್ಲವೇ ಶೇಕಡಾ 20ರ ಪಾಲು ಬರಬೇಕು, ಯಾವುದು ಹೆಚ್ಚೋ ಅದು ಎಂದು ಕರಾರಿನಲ್ಲಿದೆ. ದುರ್ದೈವದಿಂದ ಕಂಪನಿ 6 ಕೋಟಿಗೆ ಮಾರಾಟವಾದರೆ 5 ಕೋಟಿ ಅವನಿಗೆ. ಶೇಕಡಾ 80ರ ಒಡೆಯರೆನಿಸಿದ ಉಳಿದವರಿಗೆಲ್ಲ ಸೇರಿ 1 ಕೋಟಿ. ಅದೇ ಕರಾರಿನಲ್ಲಿ ಹೂಡಿದ ಹಣದ ಎರಡರಷ್ಟು ಮೊದಲು ಬರಬೇಕು ಎಂದಿದ್ದರೆ 6 ಕೋಟಿಯೂ ಅವನದೇ. ಕಂಪನಿ 50 ಕೋಟಿಗೆ ಮಾರಾಟವಾದರೆ ಮೊದಲ ಬಗೆಯ ಕರಾರಿನಲ್ಲಿ ಅವನು ತನ್ನ ಪಾಲಿನ 10 ಕೋಟಿ ಪಡೆಯುವನು. ಆದರೆ ತನ್ನ 5 ಕೋಟಿಯನ್ನು ತೆಗೆದುಕೊಂಡು, ಮಿಕ್ಕ 45 ಕೋಟಿಯಲ್ಲಿಯೂ ಶೇಕಡಾ 20ರ ಪಾಲು ಪಡೆಯಬಹುದು ಎಂದು ಬರೆದಿದ್ದರೆ ಅವನಿಗೆ ಬರುವುದು 14 ಕೋಟಿ. ಒಂದೇ ಕಂಪನಿ, ಒಂದೇ ಬೆಲೆ. ಒಂದು ವಾಕ್ಯದ ವ್ಯತ್ಯಾಸಕ್ಕೆ 4 ಕೋಟಿ. ಇದರಲ್ಲಿ ಮೋಸವೇನೂ ಇಲ್ಲ. ಅಡಮಾನವಿಲ್ಲದೆ ಹಣ ಕೊಟ್ಟವನು ತನ್ನ ರಕ್ಷಣೆಯನ್ನು ಕೇಳುವುದು ಸಹಜ. ಸಹಿ ಹಾಕುವವನಿಗೆ ಅದು ತಿಳಿದಿರಬೇಕು, ಅಷ್ಟೆ.

ಕಳೆದ ಕೆಲವು ವರ್ಷಗಳ ಹಿಂದೆ ಧಾರವಾಡದಲ್ಲಿರುವ ನನ್ನ ಆತ್ಮೀಯರಾದ ನಿವೃತ್ತ ಶಿಕ್ಷಕರೊಬ್ಬರು ಇಂಥದೇ ಕರಾರುಪತ್ರವೊಂದರ ಕರಡನ್ನು ತಂದು ನನ್ನ ಮುಂದಿಟ್ಟರು. ಅವರ ಮಗನೂ ಅವನ ಇಬ್ಬರು ಸ್ನೇಹಿತರೂ ಸೇರಿ ಬೆಂಗಳೂರಿನಲ್ಲಿ ಕಂಪನಿಯೊಂದನ್ನು ಕಟ್ಟಿದ್ದರು. ಆರಂಭದಲ್ಲಿ ಹಣ ಸಾಲದಾದಾಗ ಈ ಶಿಕ್ಷಕರು ತಮ್ಮ ನಿವೃತ್ತಿಯ ಹಣದಲ್ಲಿ 6 ಲಕ್ಷ ರೂಪಾಯಿ ಕೊಟ್ಟು, ಮಗನ ಒತ್ತಾಯದಿಂದ ತಮ್ಮ ಹೆಸರಿಗೂ ಸ್ವಲ್ಪ ಷೇರು ಬರೆಸಿಕೊಂಡಿದ್ದರು. ಈಗ ದೊಡ್ಡ ಹೂಡಿಕೆದಾರರು ಬಂದಿದ್ದಾರೆ, ಎಲ್ಲ ಷೇರುದಾರರೂ ಸಹಿ ಹಾಕಬೇಕಂತೆ, ನೀವೊಮ್ಮೆ ನೋಡಿ ಎಂದರು. ನಾನು ಕಾನೂನು ಓದಿದವನಲ್ಲ. ಮಠದ ಪಾಠಶಾಲೆಯಲ್ಲಿ ವ್ಯಾಕರಣವನ್ನೂ ತರ್ಕವನ್ನೂ ಓದಿದವನು. ಆದರೂ ಅವರ ಮನಸ್ಸಿನ ಸಮಾಧಾನಕ್ಕಾಗಿ ಒಪ್ಪಿದೆ. ಪತ್ರ ಇಂಗ್ಲಿಷಿನಲ್ಲಿತ್ತು, ಮಗ ಎರಡು ದಿನ ಊರಿನಲ್ಲಿದ್ದು, ಒಂದೊಂದು ವಾಕ್ಯವನ್ನೂ ಕನ್ನಡದಲ್ಲಿ ಹೇಳುತ್ತಾ ಹೋದನು.

ನನಗೆ ಆಶ್ಚರ್ಯವಾದ ಸಂಗತಿಯೆಂದರೆ, ಆ ಪತ್ರ ನಮ್ಮ ಶಾಸ್ತ್ರಗ್ರಂಥಗಳಂತೆಯೇ ಲಕ್ಷಣಗಳಿಂದ, ಎಂದರೆ ಪದಗಳ ವ್ಯಾಖ್ಯೆಗಳಿಂದ ಆರಂಭವಾಗಿತ್ತು. ತರ್ಕಶಾಸ್ತ್ರದಲ್ಲಿ ಲಕ್ಷಣಕ್ಕೆ ಮೂರು ದೋಷಗಳನ್ನು ಹೇಳುತ್ತಾರೆ. ಹಸುವೆಂದರೆ ಕಂದು ಬಣ್ಣದ ಪ್ರಾಣಿ ಎಂದರೆ ಬಿಳಿಯ ಹಸು ಹೊರಗುಳಿಯಿತು, ಇದು ಅವ್ಯಾಪ್ತಿ. ಹಸುವೆಂದರೆ ಕೊಂಬುಳ್ಳ ಪ್ರಾಣಿ ಎಂದರೆ ಎಮ್ಮೆಯೂ ಒಳಗೆ ಬಂದಿತು, ಇದು ಅತಿವ್ಯಾಪ್ತಿ. ಹಸುವೆಂದರೆ ಒಂಟಿ ಗೊರಸಿನ ಪ್ರಾಣಿ ಎಂದರೆ ಯಾವ ಹಸುವೂ ಸಿಗದು, ಇದು ಅಸಂಭವ. ನಾನು ಈ ಒಂದೇ ಅಳತೆಗೋಲನ್ನು ಹಿಡಿದು ಕುಳಿತೆ. ಪ್ರತಿ ವ್ಯಾಖ್ಯೆಗೂ, ಇದರೊಳಗೆ ಬರಬಾರದವರು ಯಾರಾದರೂ ಬಂದಿದ್ದಾರೆಯೇ ಎಂದು ಕೇಳುತ್ತಾ ಹೋದೆ.

ಸಂಸ್ಥಾಪಕರು ಎಂಬ ಪದದ ವ್ಯಾಖ್ಯೆಗೆ ಬಂದಾಗ ಎಮ್ಮೆ ಕೊಟ್ಟಿಗೆಯೊಳಗೆ ಬಂದಿರುವುದು ಕಂಡಿತು. ಮೊದಲನೆಯ ಅನುಬಂಧದಲ್ಲಿ ಹೆಸರಿಸಿದವರೆಲ್ಲರೂ ಸಂಸ್ಥಾಪಕರು ಎಂದು ಅಲ್ಲಿತ್ತು. ಅನುಬಂಧದಲ್ಲಿ ಮೂವರು ಹುಡುಗರ ಹೆಸರಿನ ಕೆಳಗೆ ನಾಲ್ಕನೆಯದಾಗಿ ಈ ಶಿಕ್ಷಕರ ಹೆಸರೂ ಇತ್ತು. ಮುಂದಿನ ಪುಟಗಳಲ್ಲಿ, ಕಂಪನಿಯ ಲೆಕ್ಕಪತ್ರ, ತೆರಿಗೆ, ಪರವಾನಗಿ ಎಲ್ಲವೂ ಸರಿಯಿದೆಯೆಂದು ಸಂಸ್ಥಾಪಕರು ಖಾತರಿ ಕೊಡುತ್ತಾರೆ ಎಂದೂ, ಆ ಖಾತರಿ ಸುಳ್ಳಾದರೆ ಹೂಡಿಕೆದಾರನ ನಷ್ಟವನ್ನು ಜಂಟಿಯಾಗಿಯೂ ಪ್ರತ್ಯೇಕವಾಗಿಯೂ ತುಂಬಿಕೊಡುತ್ತಾರೆ ಎಂದೂ ಇತ್ತು. ಜಂಟಿಯಾಗಿಯೂ ಪ್ರತ್ಯೇಕವಾಗಿಯೂ ಎಂಬುದು ಅಲಂಕಾರದ ಮಾತಲ್ಲ. 1872ರ ಕರಾರು ಕಾಯಿದೆಯ 43ನೆಯ ಕಲಮಿನಂತೆ, ಹಲವರು ಕೂಡಿ ಕೊಟ್ಟ ವಚನವನ್ನು, ಬೇರೆ ಒಪ್ಪಂದವಿಲ್ಲದಿದ್ದರೆ, ಅವರಲ್ಲಿ ಯಾರೊಬ್ಬರಿಂದಲಾದರೂ ಪೂರ್ತಿಯಾಗಿ ನಡೆಸಿಕೊಳ್ಳಬಹುದು. ಕಂಪನಿಯ ಕಚೇರಿಯ ಬಾಗಿಲನ್ನು ಒಮ್ಮೆಯೂ ನೋಡಿರದ, 6 ಲಕ್ಷ ಕೊಟ್ಟ ತಂದೆ, ಕೋಟಿಗಟ್ಟಲೆ ಹೂಡಿಕೆಗೆ ಖಾತರಿದಾರರಾಗಿ ನಿಂತಿದ್ದರು. ಅವರಿಗಿದ್ದ ಆಸ್ತಿಯೆಂದರೆ ವಾಸದ ಮನೆ ಮತ್ತು ಹೆಂಡತಿಯ ಔಷಧಕ್ಕೂ ಸಾಲುವಷ್ಟು ಪಿಂಚಣಿ.

ಮಗನ ಮುಖ ಬಾಡಿತು. ಕರಡನ್ನು ಬರೆದವರು ಹೂಡಿಕೆದಾರನ ವಕೀಲರು, ಆದರೆ ನಮ್ಮ ಕಂಪನಿಗೂ ವಕೀಲರಿದ್ದಾರೆ, ಅವರನ್ನು ಕೇಳೋಣ ಎಂದು ಅಲ್ಲಿಂದಲೇ ಫೋನು ಮಾಡಿದನು. ಆ ವಕೀಲರು ಕೇಳಿಸಿಕೊಂಡು ಕೊಟ್ಟ ಉತ್ತರವನ್ನು ನಾನು ಇಂದಿಗೂ ಗೌರವದಿಂದ ನೆನೆಯುತ್ತೇನೆ. ನಾನು ಕಂಪನಿಯ ವಕೀಲ. ನಿಮ್ಮ ತಂದೆಯವರ ವಕೀಲನಲ್ಲ, ನಿಜ ಹೇಳಬೇಕೆಂದರೆ ನಿಮ್ಮ ಸ್ವಂತ ವಕೀಲನೂ ಅಲ್ಲ. ಈ ಪ್ರಶ್ನೆಯಲ್ಲಿ ಕಂಪನಿಯ ಹಿತ ಬೇರೆ, ನಿಮ್ಮ ತಂದೆಯವರ ಹಿತ ಬೇರೆ. ಅವರು ಪ್ರತ್ಯೇಕ ಸಲಹೆ ಪಡೆಯುವುದು ಉಚಿತ ಎಂದರು. ಹುಡುಗನಿಗೆ ಇದು ಕಠಿಣವೆನಿಸಿತು. ನನಗೆ ಮಾತ್ರ ಇದು ಧರ್ಮಸಮ್ಮತವಾದ ಮಾತೆಂದೇ ತೋರಿತು. ಎರಡು ದೋಣಿಯಲ್ಲಿ ಕಾಲಿಡುವವನಿಗಿಂತ, ನಾನು ಈ ದೋಣಿಯವನು, ನೀನು ಬೇರೊಂದನ್ನು ಹುಡುಕಿಕೋ ಎನ್ನುವ ಅಂಬಿಗನೇ ಮೇಲು.

ಇಲ್ಲಿಯೇ ಈ ಬರಹದ ಮುಖ್ಯ ಮಾತು ಇದೆ. ಒಂದು ಹೂಡಿಕೆಯ ವ್ಯವಹಾರದಲ್ಲಿ ನಾವು ಸಾಮಾನ್ಯವಾಗಿ ಎರಡು ಪಕ್ಷಗಳನ್ನು ಕಾಣುತ್ತೇವೆ: ಹಣ ಕೊಡುವವರು ಮತ್ತು ಪಡೆಯುವವರು. ವಾಸ್ತವದಲ್ಲಿ ಪಕ್ಷಗಳು ನಾಲ್ಕು. ಹೂಡಿಕೆದಾರ ಒಬ್ಬ; ಕಂಪನಿ ಎಂಬ ಕಾನೂನಿನ ವ್ಯಕ್ತಿ ಇನ್ನೊಬ್ಬ; ಅದನ್ನು ಕಟ್ಟಿದ ಹುಡುಗರು ಮೂರನೆಯವರು; ಅವರ ಮೇಲಿನ ಪ್ರೀತಿಯಿಂದ ಮೊದಲು ಹಣ ಕೊಟ್ಟ ಬಂಧುಗಳು ನಾಲ್ಕನೆಯವರು. ಮೊದಲ ಇಬ್ಬರಿಗೆ ವಕೀಲರು ಇದ್ದೇ ಇರುತ್ತಾರೆ. ಮೂರನೆಯವರಿಗೆ ಕೆಲವೊಮ್ಮೆ ಇರುತ್ತಾರೆ. ನಾಲ್ಕನೆಯವರಿಗೆ ಬಹುಶಃ ಯಾರೂ ಇರುವುದಿಲ್ಲ. ಇದರ ಜೊತೆಗೆ ಇನ್ನೊಂದು ಸೂಕ್ಷ್ಮವಿದೆ. ಹೂಡಿಕೆದಾರನ ವಕೀಲರ ಶುಲ್ಕವನ್ನು ಒಂದು ಮಿತಿಯವರೆಗೆ ಕಂಪನಿಯೇ ಕೊಡಬೇಕೆಂದು ಕರಾರಿನಲ್ಲಿ ಬರೆಯುವ ರೂಢಿಯಿದೆ. ಹಣ ನಾವು ಕೊಡುತ್ತೇವೆ, ಆದುದರಿಂದ ಅವರು ನಮ್ಮವರೂ ಹೌದು ಎಂದು ಹುಡುಗರು ಭಾವಿಸುತ್ತಾರೆ. ಹಾಗಲ್ಲ. ಶುಲ್ಕ ಯಾರ ಕೈಯಿಂದ ಬಂದರೂ, ಯಾರನ್ನು ಕಕ್ಷಿದಾರರೆಂದು ಒಪ್ಪಿಕೊಂಡಿದ್ದಾರೆಯೋ ಅವರಿಗೇ ವಕೀಲರ ನಿಷ್ಠೆ. ಕಕ್ಷಿದಾರ ಹೇಳಿದ ಗುಟ್ಟನ್ನು ಅವನ ಒಪ್ಪಿಗೆಯಿಲ್ಲದೆ ಹೊರಗೆಡಹಬಾರದೆಂಬ ನಿರ್ಬಂಧ ಹಿಂದೆ 1872ರ ಸಾಕ್ಷ್ಯ ಕಾಯಿದೆಯಲ್ಲಿತ್ತು. ಈಗ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೆಯ ಕಲಮಿನಲ್ಲಿದೆ. ಆ ರಕ್ಷಣೆ ಕಕ್ಷಿದಾರನಿಗೆ ಸೇರಿದ್ದು, ಎದುರು ಕುಳಿತವನಿಗಲ್ಲ.

ಶಿಕ್ಷಕರು ಧಾರವಾಡದಲ್ಲಿಯೇ ತಮ್ಮ ಹಳೆಯ ವಿದ್ಯಾರ್ಥಿಯಾಗಿದ್ದ ವಕೀಲರೊಬ್ಬರನ್ನು ಕಂಡರು. ಅವರು ಒಂದು ಪುಟದ ಪತ್ರ ಬರೆದು ಮೂರು ತಿದ್ದುಪಡಿಗಳನ್ನು ಕೇಳಿದರು. ಸಂಸ್ಥಾಪಕರು ಎಂದರೆ ಮೂವರು ಹುಡುಗರು ಮಾತ್ರ. ಶಿಕ್ಷಕರನ್ನು ಇತರ ಷೇರುದಾರರು ಎಂಬ ಬೇರೆ ವರ್ಗದಲ್ಲಿಡಬೇಕು. ಅವರು ಕೊಡುವ ಖಾತರಿ ತಮ್ಮ ಷೇರು ತಮ್ಮದೇ, ಅದರ ಮೇಲೆ ಋಣವಿಲ್ಲ ಎಂಬಷ್ಟಕ್ಕೆ ಸೀಮಿತವಾಗಬೇಕು. ಹೂಡಿಕೆದಾರನ ವಕೀಲರು ಎರಡೇ ದಿನಗಳಲ್ಲಿ ಮೂರನ್ನೂ ಒಪ್ಪಿದರು. ಚರ್ಚೆಯೂ ಆಗಲಿಲ್ಲ, ಬೇಸರವೂ ಆಗಲಿಲ್ಲ. ಇದರಿಂದ ತಿಳಿದುದೇನೆಂದರೆ, ಆ ವಾಕ್ಯದ ಹಿಂದೆ ದುರುದ್ದೇಶವಿರಲಿಲ್ಲ. ಇಂಥ ಪತ್ರಗಳನ್ನು ಸಿದ್ಧ ಮಾದರಿಗಳಿಂದ ಬರೆಯುತ್ತಾರೆ. ಮಾದರಿಗೆ ನಮ್ಮ ಮನೆಯ ತಂದೆಯ ಪರಿಚಯವಿರುವುದಿಲ್ಲ. ಕೇಳಿದ್ದರಿಂದ ತಿದ್ದಿದರು. ಕೇಳದಿದ್ದರೆ ಅದು ಹಾಗೆಯೇ ಉಳಿಯುತ್ತಿತ್ತು.

ಮನೆಮಂದಿಯ ನಡುವೆ ಇಷ್ಟೆಲ್ಲ ಬರವಣಿಗೆ ಏಕೆ, ಬಾಯಿಮಾತು ಸಾಲದೇ ಎಂದು ಕೇಳುವ ಹಿರಿಯರಿದ್ದಾರೆ. ಅವರಿಗೆ ವಿ.ಬಿ. ರಂಗರಾಜ್ ವಿರುದ್ಧ ವಿ.ಬಿ. ಗೋಪಾಲಕೃಷ್ಣನ್ ಎಂಬ, 1992ರ ವರದಿಗಳಲ್ಲಿ ಪ್ರಕಟವಾದ ಸರ್ವೋಚ್ಚ ನ್ಯಾಯಾಲಯದ ತೀರ್ಪನ್ನು ನೆನಪಿಸಬಯಸುತ್ತೇನೆ. ಒಂದು ಕುಟುಂಬದ ಖಾಸಗಿ ಕಂಪನಿ, 50 ಷೇರುಗಳು, ಇಬ್ಬರು ಅಣ್ಣತಮ್ಮಂದಿರ ಶಾಖೆಗಳಿಗೆ ತಲಾ 25. ಯಾವ ಶಾಖೆಯವರು ಮಾರಿದರೂ ಮೊದಲು ತಮ್ಮ ಶಾಖೆಯವರಿಗೇ ಕೊಡಬೇಕೆಂದು ಹಿರಿಯರು ಮಾತಿನಲ್ಲಿ ಒಪ್ಪಿಕೊಂಡಿದ್ದರು ಎಂಬುದು ವಾದ. ಅವರ ಕಾಲಾನಂತರ ಒಬ್ಬ ಮಗ ಇನ್ನೊಂದು ಶಾಖೆಯವರಿಗೆ ಮಾರಿದನು. ಷೇರು ಮಾರಾಟದ ಮೇಲಿನ ಇಂಥ ನಿರ್ಬಂಧ ಕಂಪನಿಯ ನಿಯಮಾವಳಿಯಲ್ಲಿ ಇಲ್ಲದಿದ್ದರೆ ಅದು ಕಂಪನಿಯನ್ನಾಗಲೀ ಷೇರುದಾರರನ್ನಾಗಲೀ ಬಂಧಿಸದು ಎಂದು ನ್ಯಾಯಾಲಯ ಹೇಳಿತು. ಹೂಡಿಕೆಯ ವಕೀಲರು ಕರಾರಿನ ಮಾತುಗಳನ್ನು ಕಂಪನಿಯ ನಿಯಮಾವಳಿಯಲ್ಲಿಯೂ ಸೇರಿಸಬೇಕೆಂದು ಹಟ ಹಿಡಿಯುವುದರ ಹಿಂದೆ ಇಂಥ ತೀರ್ಪುಗಳಿವೆ. ಹಿರಿಯರ ಮಾತು ಹಿರಿಯರು ಇರುವತನಕ. ಬರೆದಿಟ್ಟ ಮಾತು ಮೊಮ್ಮಕ್ಕಳ ತನಕ.

ಆದುದರಿಂದ ಮಕ್ಕಳು ಇಂಥ ಕರಾರನ್ನು ಮನೆಗೆ ತಂದಾಗ ತಂದೆತಾಯಿಗಳು ನಾಲ್ಕು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬೇಕು. ಈ ಪತ್ರದಲ್ಲಿ ನನ್ನ ಹೆಸರು ಎಲ್ಲಿದೆ, ಯಾವ ಪದದ ಅಡಿಯಲ್ಲಿದೆ? ಉದ್ಯಮ ಸೋತರೆ ನನ್ನ ಸ್ವಂತ ಆಸ್ತಿಯಿಂದ ಯಾರಾದರೂ ಏನನ್ನಾದರೂ ಕೇಳಬಹುದೇ, ಕೇಳಿದರೆ ಎಷ್ಟರವರೆಗೆ? ಕಂಪನಿ ಕಡಿಮೆ ಬೆಲೆಗೆ ಮಾರಾಟವಾದರೆ ನನಗೂ ನನ್ನ ಮಗನಿಗೂ ಉಳಿಯುವುದೆಷ್ಟು? ಮತ್ತು ಎಲ್ಲಕ್ಕಿಂತ ಮೊದಲು, ಇದನ್ನು ನಮಗೆ ವಿವರಿಸುತ್ತಿರುವ ವಕೀಲರು ಯಾರ ವಕೀಲರು? ಮಕ್ಕಳು ತಮಗಾಗಿ ಇನ್ನೊಂದು ಪ್ರಶ್ನೆಯನ್ನು ಸೇರಿಸಿಕೊಳ್ಳಲಿ. ಕಟ್ಟಿದವರ ಷೇರುಗಳು ಒಂದೇ ಸಲಕ್ಕೆ ತಮ್ಮವಾಗದೆ, ನಾಲ್ಕು ವರ್ಷಗಳಲ್ಲಿ ಸ್ವಲ್ಪಸ್ವಲ್ಪವಾಗಿ ಪಕ್ವವಾಗುವ ಏರ್ಪಾಡು ಸಾಮಾನ್ಯ. ನಡುವೆ ಕಂಪನಿ ಬಿಡಬೇಕಾಗಿ ಬಂದರೆ, ಯಾವ ಕಾರಣಕ್ಕೆ ಬಿಟ್ಟರೆ ಷೇರು ಕಳೆದುಕೊಳ್ಳುತ್ತೇವೆ? ಕಾಯಿಲೆ ಬಿದ್ದು ಬಿಟ್ಟವನನ್ನೂ ದ್ರೋಹ ಮಾಡಿ ಬಿಟ್ಟವನನ್ನೂ ಆ ವ್ಯಾಖ್ಯೆ ಬೇರೆ ಬೇರೆಯಾಗಿ ಕಾಣುತ್ತದೆಯೇ?

ಹೂಡಿಕೆದಾರರನ್ನು ಅನುಮಾನದಿಂದ ನೋಡಿರೆಂದು ನಾನು ಹೇಳುತ್ತಿಲ್ಲ. ಅಡಮಾನ ಕೇಳದೆ, ಅಪರಿಚಿತ ತರುಣರ ಬುದ್ಧಿಯನ್ನು ನಂಬಿ ಹಣ ಕೊಡುವ ಈ ಪದ್ಧತಿ ಇಲ್ಲದಿದ್ದರೆ, ಆಸ್ತಿಯಿಲ್ಲದ ಮನೆಯ ಎಷ್ಟೋ ಮಕ್ಕಳು ಉದ್ಯಮದ ಹೊಸ್ತಿಲನ್ನೂ ದಾಟಲಾರದೆ ಉಳಿಯುತ್ತಿದ್ದರು. ವಕೀಲರನ್ನು ದೂರಿರೆಂದೂ ಹೇಳುತ್ತಿಲ್ಲ. ತನ್ನ ಕಕ್ಷಿದಾರನಿಗಾಗಿ ದುಡಿಯುವುದು ವಕೀಲನ ಧರ್ಮ. ನಮ್ಮ ಪರವಾಗಿಯೂ ಒಬ್ಬರು ಓದಿರಬೇಕು ಎಂಬುದಷ್ಟೇ ನನ್ನ ವಿನಂತಿ. ಪ್ರತ್ಯೇಕ ವಕೀಲರಿಗೆ ಕೊಡುವ ಶುಲ್ಕವನ್ನು ದಂಡವೆಂದು ಭಾವಿಸುವವರು, ಮನೆ ಕಟ್ಟುವ ಮುನ್ನ ಬಾವಿಯ ನೀರನ್ನು ಪರೀಕ್ಷಿಸಲು ಕೊಟ್ಟ ಹಣವನ್ನೂ ದಂಡವೆಂದೇ ಭಾವಿಸಬೇಕಾಗುತ್ತದೆ. ಪ್ರೀತಿಯಿರುವಾಗಲೇ ಅಗಲಿಕೆಯ ಮಾತನ್ನು ಆಡಿ ಮುಗಿಸುವುದು ಅಪಶಕುನವಲ್ಲ. ಅಂದು ಎಲ್ಲರ ಮನಸ್ಸೂ ತಿಳಿಯಾಗಿರುವುದರಿಂದ ಮಾತೂ ನ್ಯಾಯವಾಗಿ ಬರುತ್ತದೆ. ಸಹಿ ಹಾಕುವ ಲೇಖನಿ ಹಗುರವಾದದ್ದು, ಆದರೆ ಅದು ಎಳೆಯುವ ಭಾರ ಹಗುರವಲ್ಲ. ಲೇಖನಿ ಎತ್ತುವ ಮುನ್ನ ಓದಿರಿ, ಓದಲಾಗದಿದ್ದರೆ ನಿಮ್ಮವರಿಂದ ಓದಿಸಿರಿ.